ಶಿಶುಗಳ ಇಸುಬು ಮತ್ತು ಆಹಾರ ಅಲರ್ಜಿಯ ತಡೆ

ಹುಟ್ಟಿದ ಮೊದಲ ತಿಂಗಳುಗಳಲ್ಲೇ ಕಾಣಿಸಿಕೊಳ್ಳುವ ಇಸುಬು (ಎಸ್ಜಿಮಾ) ಮುಂದೆ ಆಹಾರ ಅಲರ್ಜಿ ಬರುವ ಸಾಧ್ಯತೆಯನ್ನು ಬಹಳ ಹೆಚ್ಚಿಸುತ್ತದೆ. ಒಣಗಿ ಬಿರಿದ ಚರ್ಮದ ಮೂಲಕ ಮನೆಯ ಧೂಳಿನಲ್ಲಿರುವ ಮೊಟ್ಟೆ, ಕಡಲೆಕಾಯಿಗಳ ಪ್ರೋಟೀನ್ ಒಳಹೊಕ್ಕರೆ ದೇಹ ಅದರ ವಿರುದ್ಧ ಅಲರ್ಜಿಗೆ ಕಾರಣವಾಗುವ ಐಜಿಇ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅದೇ ಪ್ರೋಟೀನ್ ಊಟದ ಮೂಲಕ ಕರುಳನ್ನು ಸೇರಿದರೆ ದೇಹ ಸಾಮಾನ್ಯವಾಗಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ಬ್ರಿಟನ್ನಿನ ವೈದ್ಯ ಗಿಡಿಯನ್ ಲ್ಯಾಕ್ 2008ರಲ್ಲಿ ಈ ವಾದವನ್ನು ವಿವರವಾಗಿ ಮಂಡಿಸಿದರು.

ಹಾಗಾದರೆ ಚರ್ಮವನ್ನು ಕಾಪಾಡಿದರೆ ಅಲರ್ಜಿ ತಪ್ಪೀತೆ? ಬರಿಯ ತೇವಕಾರಕ ಮುಲಾಮು ಸಾಲದು. 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಬೀಪ್ ಪ್ರಯೋಗದಲ್ಲಿ ದಿನವೂ ಮುಲಾಮು ಹಚ್ಚಿದರೂ ಇಸುಬು ಕಡಿಮೆಯಾಗಲಿಲ್ಲ. ಆದರೆ ಜಪಾನಿನ ಪ್ಯಾಸಿ ಪ್ರಯೋಗ (2023) ಭರವಸೆ ಕೊಟ್ಟಿತು: 7ರಿಂದ 13 ವಾರದ, ಇಸುಬಿದ್ದ ಶಿಶುಗಳಿಗೆ ಸ್ಟೀರಾಯ್ಡ್ ಮುಲಾಮಿನಿಂದ ತೀವ್ರ ಚಿಕಿತ್ಸೆ ನೀಡಿದಾಗ ಮೊಟ್ಟೆಯ ಅಲರ್ಜಿ ಶೇ. 41.9ರಿಂದ ಶೇ. 31.4ಕ್ಕೆ ಇಳಿಯಿತು. ಆ ಮಕ್ಕಳ ತೂಕ, ಎತ್ತರ ತುಸು ಕಡಿಮೆ ಇದ್ದುದರಿಂದ ಇಂಥ ಚಿಕಿತ್ಸೆ ವೈದ್ಯರ ನಿಗಾದಲ್ಲೇ ನಡೆಯಬೇಕು.

ಚರ್ಮದ ಆರೈಕೆಯ ಜೊತೆಗೆ ಆಹಾರವನ್ನು ಬೇಗ ಪರಿಚಯಿಸುವುದೂ ಮುಖ್ಯ. 640 ಶಿಶುಗಳ ಲೀಪ್ ಅಧ್ಯಯನದಲ್ಲಿ (2015) ಕಡಲೆಕಾಯಿಯನ್ನು ಬೇಗ ತಿನ್ನಿಸಿದ್ದರಿಂದ ಅದರ ಅಲರ್ಜಿ ಸುಮಾರು ಶೇ. 80ರಷ್ಟು ತಗ್ಗಿತು. ಇಡಿಯ ಬೀಜ ಗಂಟಲಿಗೆ ಸಿಕ್ಕಿಕೊಳ್ಳುವುದರಿಂದ ನುಣ್ಣಗೆ ಅರೆದೇ ಕೊಡಬೇಕು.