ಹೆಬ್ಬೆರಳಿನ ಬರೆ, ಐದು ಶಿಲಿಂಗಿನ ಉರುಳು

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತದೆ ಗಾದೆ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಅಡಿಕೆಗೆ ಮಾನವಷ್ಟೇ ಅಲ್ಲ, ಪ್ರಾಣವೇ ಹೋಗುತ್ತಿತ್ತು. ಅಂಗಡಿಯಿಂದ ಐದು ಶಿಲಿಂಗ್ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸರಕನ್ನು ಗುಟ್ಟಾಗಿ ಎಗರಿಸಿದವರಿಗೆ, ಅದು ಮೊದಲ ತಪ್ಪೇ ಆಗಿದ್ದರೂ, ನೇಣು ಎಂದು 1699ರ ಶಾಸನ ವಿಧಿಸಿತ್ತು.

ಅದಕ್ಕೆ ಮುಂಚೆ ಮೊದಲ ತಪ್ಪಿಗೊಂದು ಕಿಂಡಿ ಇತ್ತು. ಪಾದ್ರಿಗಳನ್ನು ರಾಜನ ನ್ಯಾಯಾಲಯ ನೇಣಿಗೇರಿಸುವಂತಿರಲಿಲ್ಲ. ಓದು ಬಲ್ಲವನೇ ಪಾದ್ರಿ ಎಂಬ ಲೆಕ್ಕದಲ್ಲಿ, ಬೈಬಲಿನ 51ನೇ ಕೀರ್ತನೆಯ ಮೊದಲ ಸಾಲುಗಳನ್ನು ಓದಿ ತೋರಿಸಿದವರಿಗೆಲ್ಲ ಈ ರಿಯಾಯಿತಿ ಸಿಗತೊಡಗಿತು. ಬಾಯಿಪಾಠ ಮಾಡಿ ಬಂದವರೂ ಪಾರಾದರೆನ್ನಿ. ಪಾದ್ರಿಯಲ್ಲದವನಿಗೆ ಇದು ಒಂದೇ ಸಲ ಎಂದು 1489ರಲ್ಲಿ ನಿಯಮವಾಯಿತು. ಎರಡನೇ ಸಲ ಬಂದವನನ್ನು ಗುರುತಿಸುವುದು ಹೇಗೆ? ಬೆರಳಚ್ಚಿಲ್ಲ, ಭಾವಚಿತ್ರವಿಲ್ಲ. ಕಳ್ಳನ ಎಡ ಹೆಬ್ಬೆರಳಿನ ಬುಡಕ್ಕೆ ಇಂಗ್ಲಿಷಿನ ‘ಟಿ’ ಅಕ್ಷರದ ಬರೆ ಹಾಕಿದರು. ಠಾಣೆಯ ಕಡತದಲ್ಲಿರಬೇಕಾದ ದಾಖಲೆ ಅಪರಾಧಿಯ ಚರ್ಮದ ಮೇಲೇ ಇತ್ತು.

ಈ ರಿಯಾಯಿತಿ ಇನ್ನೂ ಉಳಿದಿದ್ದ ಸಣ್ಣ ಕಳ್ಳರ ಬರೆಯನ್ನು 1699ರ ಶಾಸನ ಕೈಯಿಂದ ಕೆನ್ನೆಗೆ, ಮೂಗಿನ ಪಕ್ಕಕ್ಕೆ ತಂದಿತು. ಏಳೇ ವರ್ಷದಲ್ಲಿ, 1706ರಲ್ಲಿ, ಪಾರ್ಲಿಮೆಂಟು ತನ್ನ ತಪ್ಪನ್ನು ತಾನೇ ಒಪ್ಪಿಕೊಂಡಿತು: ಮುಖದ ಬರೆ ನೋಡಿ ಯಾರೂ ಕೆಲಸ ಕೊಡುತ್ತಿಲ್ಲ, ಆದ್ದರಿಂದ ಅಪರಾಧಿಗಳು ಇನ್ನಷ್ಟು ಹತಾಶರಾಗುತ್ತಿದ್ದಾರೆ. ಬರೆ ಮತ್ತೆ ಕೈಗೆ ಇಳಿಯಿತು. 1779ರಲ್ಲಿ ಅದೂ ನಿಂತಿತು.

ಅಂಗಡಿ ಕಳವಿನ ಉರುಳು ಮಾತ್ರ ಹಾಗೆಯೇ ಉಳಿಯಿತು. 1771ರಲ್ಲಿ ಲಂಡನ್ನಿನ ಟೈಬರ್ನ್‌ನಲ್ಲಿ ಮೇರಿ ಜೋನ್ಸ್ ಎಂಬಾಕೆಯನ್ನು ಗಲ್ಲಿಗೇರಿಸಿದರು. ವಯಸ್ಸು ಹತ್ತೊಂಬತ್ತರ ಆಸುಪಾಸು. ಗಂಡನನ್ನು ನೌಕಾದಳದವರು ಬಲವಂತವಾಗಿ ಎಳೆದೊಯ್ದಿದ್ದರು, ಎರಡು ಮಕ್ಕಳೊಡನೆ ಆಕೆ ಬೀದಿಗೆ ಬಿದ್ದಿದ್ದಳು. ಜವಳಿ ಅಂಗಡಿಯಲ್ಲಿ ಮಸ್ಲಿನ್ ಬಟ್ಟೆಯನ್ನು ಮೇಲಂಗಿಯೊಳಗೆ ಅಡಗಿಸಿದಳು. ಅಂಗಡಿಯವನು ಕಂಡನೆಂದು ತಿಳಿದು ಕೆಳಗಿಟ್ಟಳು. ಅಷ್ಟೇ ಅಪರಾಧ. ನೇಣುಗಂಬದ ಕಡೆಗೆ ಹೊರಟಾಗ ಎದೆಯಲ್ಲಿ ಮಗು ಹಾಲು ಕುಡಿಯುತ್ತಿತ್ತು ಎಂದು 1777ರಲ್ಲಿ ಸರ್ ವಿಲಿಯಂ ಮೆರೆಡಿತ್ ಪಾರ್ಲಿಮೆಂಟಿನಲ್ಲಿ ಹೇಳಿದರು.

ಕಾನೂನಿಗಿಂತ ಜ್ಯೂರಿಗಳಿಗೆ ಕರುಣೆ ಹೆಚ್ಚಿತ್ತು. ಕದ್ದ ಮಾಲಿನ ಬೆಲೆಯನ್ನು ಬೇಕೆಂದೇ ನಾಲ್ಕು ಶಿಲಿಂಗ್ ಹತ್ತು ಪೆನ್ನಿಗೆ ಇಳಿಸಿ ಜೀವ ಉಳಿಸುತ್ತಿದ್ದರು. ಈ ಶಾಸನವನ್ನು ತೆಗೆಯಲು ಸರ್ ಸ್ಯಾಮ್ಯುಯೆಲ್ ರೊಮಿಲ್ಲಿ 1810ರಲ್ಲಿ ತಂದ ಮಸೂದೆಯನ್ನು ಕೆಳಮನೆ ಒಪ್ಪಿತು, ಮೇಲ್ಮನೆ ಬೀಳಿಸಿತು. ವಿರೋಧವಾಗಿ ಮತ ಹಾಕಿದವರಲ್ಲಿ ಏಳು ಮಂದಿ ಬಿಷಪ್ಪರು! ರೊಮಿಲ್ಲಿ 1818ರಲ್ಲಿ ತೀರಿಕೊಂಡರು. ಉರುಳು ಕಳಚಿದ್ದು 1820ರ ದಶಕದಲ್ಲಿ.

ಬಳಿಕ ಗಾಳಿ ಬದಲಾಯಿತು. ಅಮೆರಿಕದ ಬಾಸ್ಟನ್ನಿನಲ್ಲಿ ಜಾನ್ ಆಗಸ್ಟಸ್ ಎಂಬ ಚಮ್ಮಾರ 1841ರಿಂದ ಆರೋಪಿಗಳಿಗೆ ತಾನೇ ಜಾಮೀನು ನಿಂತು ಅವರನ್ನು ತಿದ್ದತೊಡಗಿದ. ಪ್ರೊಬೇಷನ್ ಪದ್ಧತಿ ಮೊಳೆತದ್ದು ಅಲ್ಲಿ. ಇಂಗ್ಲೆಂಡು 1887ರಲ್ಲಿ ಮೊದಲ ತಪ್ಪಿನವರಿಗೆಂದೇ ಕಾಯಿದೆ ಮಾಡಿತು. 1974ರ ಇನ್ನೊಂದು ಕಾಯಿದೆಯಿಂದ, ನಿಗದಿತ ಅವಧಿ ತಪ್ಪಿಲ್ಲದೆ ಕಳೆದವರ ಹಳೆಯ ಸಣ್ಣ ಶಿಕ್ಷೆಗಳು ಬಹುಮಟ್ಟಿಗೆ ‘ಮುಗಿದುಹೋದ’ ವಿಷಯವಾದವು.

ಕಂಪನಿ ಸರಕಾರ ಕೈದಿಗಳ ಹಣೆಗೆ ಹಚ್ಚೆ ಹಾಕಿಸುತ್ತಿದ್ದ ನಮ್ಮ ದೇಶದಲ್ಲಿ ಆ ಕ್ರಮ ನಿಂತದ್ದು 1849ರಲ್ಲಿ. 1958ರ ಪ್ರೊಬೇಷನ್ ಕಾಯಿದೆಯಂತೆ ಮೊದಲ ಸಲ ಕದ್ದವನನ್ನು ನ್ಯಾಯಾಲಯ ಬುದ್ಧಿ ಹೇಳಿ ಬಿಡಬಹುದು. ಶಿಕ್ಷಿತನೆಂಬ ಕಾರಣಕ್ಕೆ ಬರುವ ಅನರ್ಹತೆ ಅವನಿಗೆ ತಟ್ಟದು. ಆದರೆ ಅಪರಾಧ ಸಾಬೀತಾದ ಸಂಗತಿ ಅಳಿಯುವುದಿಲ್ಲವೆಂದು ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿತು. ಚಿಲ್ಲರೆ ಅಪರಾಧವನ್ನು ಉದ್ಯೋಗದ ಅರ್ಜಿಯಲ್ಲಿ ಮುಚ್ಚಿಟ್ಟಿದ್ದರೆ ಉದ್ಯೋಗದಾತ ಬೇಕಾದರೆ ಮನ್ನಿಸಬಹುದೆಂದು 2016ರಲ್ಲಿ ಹೇಳಿತು, ಮನ್ನಿಸಲೇಬೇಕೆಂದಲ್ಲ. ಕಡತವನ್ನೇ ನಾಶಮಾಡಲು ಹೇಳುವುದು 2015ರ ಬಾಲನ್ಯಾಯ ಕಾಯಿದೆ. ಅದು ಹದಿನೆಂಟು ತುಂಬದವರಿಗಷ್ಟೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮು ಐದು ಶಿಲಿಂಗಿನಂತೆಯೇ ಒಂದು ಗೆರೆ ಎಳೆದಿದೆ, ಆದರೆ ಕರುಣೆಯ ಕಡೆಗೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಮೊದಲ ಕಳವಿಗೆ, ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಶಿಕ್ಷೆ ಸಮುದಾಯ ಸೇವೆ. ಒಂದು ತೊಡಕುಂಟು. ಸ್ವತ್ತು ಕಾಪಿಡುವ ಕಟ್ಟಡದಲ್ಲಾದ ಕಳವಿಗೆ ಬೇರೆಯೇ ಕಲಮು, 305, ಇದೆ. ಅದರಲ್ಲಿ ಈ ಸಡಿಲಿಕೆಯ ಮಾತಿಲ್ಲ; ಏಳು ವರ್ಷದವರೆಗೆ ಸೆರೆಮನೆ. ಅಂಗಡಿಯಲ್ಲಿ ಸಿಕ್ಕಿಬಿದ್ದವನ ಮೇಲೆ ಪೊಲೀಸರು ಇವೆರಡರಲ್ಲಿ ಯಾವ ಅಂಕಿ ಬರೆಯುತ್ತಾರೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ.