ವ್ಯೋಮನೌಕೆಯಲ್ಲಿ ಸಾಲಾವಳಿ



ಮದುವೆಯ ಮಾತುಕತೆಗೆ ಮೊದಲು ಜಾತಕಗಳನ್ನು ತಂದು ಸಾಲಾವಳಿ ನೋಡುವುದು ನಮ್ಮ ಹಿರಿಯರ ವಾಡಿಕೆ. ಅದರಲ್ಲಿ ನಂಬಿಕೆ ಇರಲಿ ಬಿಡಲಿ, ಅದರ ಹಿಂದಿನ ಆತಂಕವನ್ನು ಅಲ್ಲಗಳೆಯಲಾಗದು. ಪರಿಚಯವಿಲ್ಲದ ಇಬ್ಬರು ಒಂದೇ ಸೂರಿನಡಿ ಬಹುಕಾಲ ಬಾಳಬೇಕಾಗಿದೆ, ಹೊಂದಿಕೆಯಾದೀತೆ? ಅಮೆರಿಕದ ಮತ್ತು ಸೋವಿಯತ್ ಒಕ್ಕೂಟದ ವೈದ್ಯರೂ ಮನಶ್ಶಾಸ್ತ್ರಜ್ಞರೂ ಇದೇ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿ ಬಂದ ವೃತ್ತಾಂತವೇ ಇಂದಿನ ನಮ್ಮ ವಿಷಯ. ರಾಕೆಟ್ಟುಗಳ ಚರಿತ್ರೆಯನ್ನು ನಮಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿದ್ದಾರೆ. ಆ ಗೋಜಿಗೆ ನಾವು ಹೋಗುವುದಿಲ್ಲ.

ಅಮೆರಿಕದ ಮೊದಲ ಆಯ್ಕೆ ನಡೆದದ್ದು 1959ರಲ್ಲಿ. ಹೊಸ ವಿಮಾನಗಳನ್ನು ಹಾರಿಸಿ ಪರೀಕ್ಷಿಸುವ ಸೇನಾ ಚಾಲಕರ ಪೈಕಿ 32 ಮಂದಿಯನ್ನು ನ್ಯೂ ಮೆಕ್ಸಿಕೋದ ಲವ್‌ಲೇಸ್ ಚಿಕಿತ್ಸಾಲಯಕ್ಕೆ ಕರೆಸಿ, ಅಡಿಯಿಂದ ಮುಡಿಯವರೆಗೆ ತಪಾಸಣೆ ಮಾಡಲಾಯಿತು. ಅನಂತರ ಒಹಾಯೊದ ರೈಟ್-ಪ್ಯಾಟರ್ಸನ್ ವಾಯುನೆಲೆಯಲ್ಲಿ ಬಿಸಿ, ಸದ್ದು, ಏಕಾಂತಗಳ ಪರೀಕ್ಷೆ. ಜೊತೆಗೆ ಮನೋವೈದ್ಯರ ಪ್ರಶ್ನಾವಳಿ. ಕೊನೆಗೆ ಉಳಿದವರು 7 ಮಂದಿ. ಉಳಿಯದವರಲ್ಲಿ ಒಬ್ಬರು ಪೀಟ್ ಕಾನ್ರಾಡ್. ಚಿತ್ರವೇ ಇಲ್ಲದ ಬಿಳಿಯ ಕಾರ್ಡೊಂದನ್ನು ತೋರಿಸಿ ಏನು ಕಾಣುತ್ತದೆಂದು ಕೇಳಿದಾಗ, ಅದನ್ನು ತಲೆಕೆಳಗಾಗಿ ಹಿಡಿದಿದ್ದೀರೆಂದು ಉತ್ತರಿಸಿದರಂತೆ. ದೀರ್ಘಾವಧಿಯ ಹಾರಾಟಕ್ಕೆ ತಕ್ಕವರಲ್ಲವೆಂಬ ಷರಾ ಅವರ ಕಡತದಲ್ಲಿ ಬಿತ್ತೆಂಬುದು ಪ್ರಸಿದ್ಧವಾದ ಮಾತು. ಇದೇ ಕಾನ್ರಾಡ್ 1962ರ ಎರಡನೆಯ ಆಯ್ಕೆಯಲ್ಲಿ ಒಳಬಂದು, 1969ರಲ್ಲಿ ಚಂದ್ರನ ಮೇಲೆ ನಡೆದರು. 1973ರಲ್ಲಿ ಸ್ಕೈಲ್ಯಾಬ್ ನಿಲ್ದಾಣದ ಮೊದಲ ತಂಡದ ನಾಯಕರಾಗಿ, ಜಖಂಗೊಂಡಿದ್ದ ನಿಲ್ದಾಣವನ್ನು ದುರಸ್ತಿ ಮಾಡಿ, 28 ದಿನ ಅಲ್ಲಿದ್ದು ಬಂದರು. ಅಂದಿಗೆ ಅದಕ್ಕಿಂತ ದೀರ್ಘವಾದ ಹಾರಾಟ ಜಗತ್ತಿನಲ್ಲಿ ಇರಲಿಲ್ಲ!

ದೋಷವುಳ್ಳವರನ್ನು ಹೊರಗಿಡುವ ವಿದ್ಯೆ ಆಗಲೇ ಸಾಕಷ್ಟು ಬಲಿತಿತ್ತು. ಯಾರೊಡನೆ ಯಾರು ಬಾಳಬಲ್ಲರೆಂದು ಹೇಳುವ ವಿದ್ಯೆ ಬೇರೆಯದೇ. ಅದರ ಅಗತ್ಯ ಮೊದಲು ಬಿದ್ದದ್ದು ಸೋವಿಯತ್ ವಿಜ್ಞಾನಿಗಳಿಗೆ. 1967ರ ನವೆಂಬರಿನಿಂದ 1968ರ ನವೆಂಬರಿನವರೆಗೆ ಒಬ್ಬ ವೈದ್ಯ, ಒಬ್ಬ ಜೀವಶಾಸ್ತ್ರಜ್ಞ, ಒಬ್ಬ ಎಂಜಿನಿಯರ್, ಹೀಗೆ ಮೂವರನ್ನು ಮಾಸ್ಕೋದ ಸಂಸ್ಥೆಯೊಂದರ ಪುಟ್ಟ ಕೋಣೆಯಲ್ಲಿ ಒಂದು ಪೂರ್ತಿ ವರ್ಷ ಕೂಡಿಹಾಕಿದರು. ಮೂವರೂ ಆರೋಗ್ಯವಾಗಿ ಹೊರಬಂದರು. ಆದರೆ ಅವರ ನಡುವೆ ವೈಮನಸ್ಯ ಬೆಳೆದಿತ್ತು. ಈ ದೇಶಕ್ಕೆ ಬಂದ ಹೊಸದರಲ್ಲಿ ನಾಲ್ವರು ಸೇರಿ ಒಂದು ಅಪಾರ್ಟ್‌ಮೆಂಟು ಹಿಡಿದು, ಪಾತ್ರೆ ತೊಳೆಯುವ ಸರದಿಗಾಗಿ ಸ್ನೇಹ ಕಳೆದುಕೊಂಡವರು ನಮ್ಮಲ್ಲಿಯೂ ಇದ್ದಾರೆ. ಅವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮಗಾದರೋ ಬಾಗಿಲು ತೆರೆದು ಹೊರಗೆ ಹೋಗುವ ಅವಕಾಶವಿತ್ತು.

ಅದೇ ದಶಕದಲ್ಲಿ ಮನಶ್ಶಾಸ್ತ್ರಜ್ಞ ಗೊರ್ಬೊವ್ ಮತ್ತು ಅವರ ಸಹೋದ್ಯೋಗಿಗಳು ‘ಹೋಮಿಯೊಸ್ಟಾಟ್’ ಎಂಬ ಯಂತ್ರವನ್ನು ಬಳಕೆಗೆ ತಂದರು. ಪ್ರತಿಯೊಬ್ಬನ ಮುಂದೆ ಒಂದು ಮುಳ್ಳು, ಒಂದು ತಿರುಗುಗುಂಡಿ. ಎಲ್ಲರ ಮುಳ್ಳುಗಳೂ ಒಟ್ಟಿಗೆ ಸೊನ್ನೆಗೆ ಬರಬೇಕು. ಆದರೆ ಒಬ್ಬನು ತನ್ನ ಗುಂಡಿಯನ್ನು ತಿರುಗಿಸಿದರೆ ಉಳಿದವರ ಮುಳ್ಳುಗಳೂ ಅಲುಗುತ್ತವೆ. ತನ್ನದನ್ನು ಮಾತ್ರ ಸರಿಪಡಿಸಲು ಹಟತೊಟ್ಟವನಿಂದ ಇಡೀ ತಂಡದ ಆಟ ಕೆಡುತ್ತದೆ. ಕೂಡುಕುಟುಂಬದ ಅಡುಗೆಮನೆಯನ್ನು ಕಂಡವರಾರೋ ಇದನ್ನು ಕಲ್ಪಿಸಿರಬೇಕೆಂದು ನಮಗೆ ಅನ್ನಿಸಿದ್ದುಂಟು.

ತಂಡವೆಂಬುದು ಬಿಡಿಸಲಾಗದ ಘಟಕವೆಂಬ ನಿಯಮವೂ ಬಂತು. ಅದರ ದಾರುಣ ಫಲ ಕಂಡದ್ದು 1971ರ ಜೂನಿನಲ್ಲಿ. ಸೋಯುಜ್-11 ಹಾರುವ ಹೊತ್ತು ಹತ್ತಿರವಾದಾಗ ವಲೇರಿ ಕುಬಾಸೊವ್ ಅವರ ಎಕ್ಸ್-ರೇಯಲ್ಲಿ ಶ್ವಾಸಕೋಶದ ಮೇಲೊಂದು ಕಲೆ ಕಾಣಿಸಿತು. ಒಬ್ಬರಿಗಾಗಿ ಮೂವರನ್ನೂ ಕೆಳಗಿಳಿಸಿ ಬದಲಿ ತಂಡವನ್ನು ಕಳುಹಿಸಿದರು. ಆ ಮೂವರು ಸಲ್ಯೂತ್ ನಿಲ್ದಾಣದಲ್ಲಿ ಮೂರು ವಾರ ಕಳೆದು, ಜೂನ್ 30ರಂದು ಮರಳುವಾಗ ನೌಕೆಯ ಗಾಳಿ ಸೋರಿಹೋಗಿ ಅಸುನೀಗಿದರು. ಕುಬಾಸೊವ್ ಅವರ ಕಲೆ ಕ್ಷಯವಲ್ಲವೆಂದು ಆಮೇಲೆ ತಿಳಿಯಿತು.

ಹಾರಾಟಗಳು ತಿಂಗಳುಗಟ್ಟಲೆ ಬೆಳೆದಂತೆ ಸಮಸ್ಯೆಯ ಸ್ವರೂಪವೂ ಬದಲಾಯಿತು. 1977ರ ಡಿಸೆಂಬರಿನಲ್ಲಿ ರೊಮಾನೆಂಕೊ ಮತ್ತು ಗ್ರೆಚ್ಕೊ ಎಂಬವರು ಸಲ್ಯೂತ್-6ಕ್ಕೆ ಹೋಗಿ 96 ದಿನ ಇದ್ದರು. ಆ ನಡುವೆ ಗ್ರೆಚ್ಕೊ ಅವರ ತಂದೆ ತೀರಿಕೊಂಡರು. ಇಳಿದು ಬರುವವರೆಗೆ ಅವರಿಗೆ ಆ ಸುದ್ದಿಯನ್ನು ತಿಳಿಸಲಿಲ್ಲ. ಜೊತೆಗಾರ ರೊಮಾನೆಂಕೊ ತಿಳಿದೂ ಬಾಯಿ ಬಿಡಲಿಲ್ಲ. ಊರಿನಿಂದ ನಡುರಾತ್ರಿ ಬರುವ ಫೋನಿಗೆ ಅಂಜುವ ನಮಗೆ ಈ ಪ್ರಸಂಗ ಎಷ್ಟು ಸಲ ಓದಿದರೂ ಸುಮ್ಮನೆ ದಾಟಿಹೋಗುವಂಥದಲ್ಲ. ಆ ಮೌನ ಕರುಣೆಯೋ ಮೋಸವೋ? ನಮ್ಮ ಮನಸ್ಸು ಎರಡೂ ಕಡೆ ವಾಲಿದೆ.

ಆದರೆ ಗ್ರಹಕೂಟದ ನಿಜವಾದ ಪರೀಕ್ಷೆ ನಡೆದದ್ದು 1982ರಲ್ಲಿ. ಅನತೋಲಿ ಬೆರೆಜೊವೊಯ್, ವಲೆಂತಿನ್ ಲೆಬೆದೆವ್. ಇಬ್ಬರೂ ಹುಟ್ಟಿದ್ದು 1942ರ ಏಪ್ರಿಲ್ ತಿಂಗಳಲ್ಲಿ, ಮೂರೇ ದಿನಗಳ ಅಂತರದಲ್ಲಿ. ನಮ್ಮ ಜೋಯಿಸರು ಏನೆನ್ನುತ್ತಿದ್ದರೋ! ಬೆರೆಜೊವೊಯ್ ವಾಯುಸೇನೆಯವರು, ತಂಡದ ನಾಯಕರು. ಆದರೆ ಅದು ಅವರ ಮೊದಲ ಹಾರಾಟ. ಲೆಬೆದೆವ್ ಎಂಜಿನಿಯರು, 1973ರಲ್ಲಿಯೇ ಒಮ್ಮೆ ಹಾರಿ ಬಂದವರು. 1980ರಲ್ಲಿ ಮತ್ತೊಮ್ಮೆ ಹೋಗಬೇಕಿದ್ದವರು ಟ್ರ್ಯಾಂಪೊಲಿನ್ ಮೇಲೆ ಕುಪ್ಪಳಿಸುವಾಗ ಮಂಡಿಗೆ ಪೆಟ್ಟು ಮಾಡಿಕೊಂಡು ಅವಕಾಶ ಕಳೆದುಕೊಂಡಿದ್ದರು. ಅನುಭವ ಒಬ್ಬರದು, ಅಧಿಕಾರ ಇನ್ನೊಬ್ಬರದು. ಸುಮಾರು 15 ಮೀಟರ್ ಉದ್ದದ ಸಲ್ಯೂತ್-7ರಲ್ಲಿ ಈ ಇಬ್ಬರು ಮೇ 13ರಿಂದ ಡಿಸೆಂಬರ್ 10ರವರೆಗೆ, 211 ದಿನ ಇದ್ದರು.

ಪತ್ರಿಕೆಗಳು ಅದನ್ನು ಸೌಹಾರ್ದದ ವಿಜಯವೆಂದು ಕೊಂಡಾಡಿದವು. ಒಳಗಿನ ಸ್ಥಿತಿ ಬೇರೆಯಾಗಿತ್ತೆಂಬುದು ಲೆಬೆದೆವ್ ಬರೆದಿಟ್ಟ ದಿನಚರಿ ಪ್ರಕಟವಾದಾಗ ತಿಳಿಯಿತು. ಹೋದ ಎರಡು ತಿಂಗಳೊಳಗೇ, ಇಬ್ಬರೂ ನೊಂದುಕೊಂಡು, ಮಾತಿಲ್ಲದೆ ಒಬ್ಬರ ಪಕ್ಕದಲ್ಲಿ ಒಬ್ಬರು ತೇಲಿಹೋಗುತ್ತಿದ್ದ ದಿನಗಳನ್ನು ಅವರು ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾರೆ. ಜಗಳಕ್ಕೆ ದೊಡ್ಡ ಕಾರಣವೇ ಇರಲಿಲ್ಲ. ಸೋಜಿಗವೆಂದರೆ ಕೆಲಸ ನಿಲ್ಲಲಿಲ್ಲ. ಜುಲೈ 30ರಂದು ಇಬ್ಬರೂ ಅಂತರಿಕ್ಷ ಪೋಷಾಕು ತೊಟ್ಟು, ಲೆಬೆದೆವ್ ಹೊರಗೆ, ಬೆರೆಜೊವೊಯ್ ದ್ವಾರದ ಬಳಿ ನಿಂತು, ಎರಡೂವರೆ ಗಂಟೆ ದುಡಿದರು. ಮುನಿಸಿಕೊಂಡವನ ಕೈಯಲ್ಲಿ ತನ್ನ ಪ್ರಾಣವನ್ನಿಡುವುದೆಂದರೆ ಅದು. ಅರಬಿಡಾಪ್ಸಿಸ್ ಎಂಬ ಪುಟ್ಟ ಸಸ್ಯವನ್ನು ಬೆಳೆಸಿದರು. ಬೀಜ ಮೊಳೆತು, ಹೂಬಿಟ್ಟು, ಮತ್ತೆ ಬೀಜ ಕಟ್ಟಿದ್ದು ಬಾಹ್ಯಾಕಾಶದಲ್ಲಿ ಅದೇ ಮೊದಲು. ಜೂನಿನಲ್ಲಿ ಫ್ರೆಂಚ್ ಯಾತ್ರಿಯೊಬ್ಬರೂ ಆಗಸ್ಟಿನಲ್ಲಿ ಸ್ವೆತ್ಲಾನಾ ಸವಿತ್ಸ್‌ಕಾಯಾ ಅವರೂ ತಂತಮ್ಮ ತಂಡಗಳೊಡನೆ ನೆಂಟರಂತೆ ಬಂದುಹೋದರು.

ಪರೀಕ್ಷೆಗಳು ಇದನ್ನು ಮುಂಗಾಣಲಿಲ್ಲವೇಕೆ? ನಮ್ಮ ಊಹೆ ಸರಳವಾದುದು. ಆಯ್ಕೆ ಮಾಡುವವರಿಗೆ ಸತ್ಯ ಬೇಕು, ಆಯ್ಕೆಯಾಗಬೇಕಾದವರಿಗೆ ಹಾರಾಟ ಬೇಕು. ಹತ್ತು ವರ್ಷ ಕಾದವನು, ಈ ಜೊತೆಗಾರ ನನಗೆ ಸೇರನೆಂದು ವೈದ್ಯರ ಮುಂದೆ ಹೇಳಿಯಾನೆ? 1985ರಲ್ಲಿ ಇದೇ ಸಲ್ಯೂತ್-7ರಿಂದ ನಾಯಕ ವಸ್ಯೂತಿನ್ ಕಾಯಿಲೆಬಿದ್ದು ಇಡೀ ತಂಡ 65 ದಿನಕ್ಕೇ ಮರಳಿತು. ಆ ಕಾಯಿಲೆಯನ್ನು ಅವರು ಮೊದಲೇ ಬಲ್ಲವರಾಗಿದ್ದು ವೈದ್ಯರಿಂದ ಮರೆಸಿದ್ದರೆಂದು ಅನಂತರದ ಬರಹಗಳು ಹೇಳುತ್ತವೆ. ದೇಹದ ನೋವನ್ನೇ ಬಚ್ಚಿಡುವವರು ಮನಸ್ಸಿನದನ್ನು ಬಿಚ್ಚಿಡುವುದುಂಟೆ? ಆದ್ದರಿಂದಲೇ ಕಾಗದದ ಮೇಲಿನ ಪ್ರಶ್ನೆಗಳ ಜೊತೆಗೆ, ಚಳಿಗಾಲದ ಕಾಡಿನಲ್ಲಿ ತಂಡವನ್ನು ಬಿಟ್ಟು, ದಣಿದಾಗ, ಹಸಿದಾಗ ಯಾರು ಹೇಗಿರುತ್ತಾರೆಂದು ನೋಡುವ ಪದ್ಧತಿಗೆ ಬೆಲೆ ಬಂತು. 2010ರಿಂದ 2011ರವರೆಗೆ ಮಾಸ್ಕೋದಲ್ಲಿ ಆರು ಮಂದಿಯನ್ನು 520 ದಿನ ಕೂಡಿಹಾಕಿ ಮಂಗಳಯಾನದ ಅಣಕು ನಡೆಸಿದ್ದೂ ಇದೇ ಜಾಡಿನಲ್ಲಿ.

ಈ ಚರಿತ್ರೆಯ ಒಂದು ಎಳೆ ನಮ್ಮ ಬೆಂಗಳೂರಿಗೂ ಹಾಯ್ದಿದೆ. ರಾಕೇಶ್ ಶರ್ಮಾ ಅವರನ್ನು ಹಾರಾಟಕ್ಕೆ ಮೊದಲು ಅಲ್ಲಿನ ವಾಯುಸೇನೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ 72 ಗಂಟೆ ಕೋಣೆಯೊಂದರಲ್ಲಿ ಬಂಧಿಸಿ, ಇಕ್ಕಟ್ಟಿನ ಭಯವಿದೆಯೇ ಎಂದು ನೋಡಿದ್ದರು. 1984ರ ಏಪ್ರಿಲಿನಲ್ಲಿ ಅವರು ಸಲ್ಯೂತ್-7ಕ್ಕೆ ಹೋದಾಗ ಒಳಗಿದ್ದವರು ಒಟ್ಟು ಆರು ಮಂದಿ. ಅಷ್ಟೇ ತರಬೇತಿ ಪಡೆದಿದ್ದ ರವೀಶ್ ಮಲ್ಹೋತ್ರಾ ನೆಲದ ಮೇಲೇ ಉಳಿದರು. ಗಗನಯಾನಕ್ಕೆ ನಾಲ್ವರನ್ನು ಆರಿಸುವ ವೈದ್ಯಕೀಯ ತಪಾಸಣೆ 2019ರಲ್ಲಿ ಆರಂಭವಾದದ್ದೂ ಅದೇ ಸಂಸ್ಥೆಯಲ್ಲಿ. ಆ ನಾಲ್ವರಲ್ಲಿ ಶುಭಾಂಶು ಶುಕ್ಲಾ 2025ರ ಜೂನ್ 25ರಂದು ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೊರಟು ಜುಲೈ 15ರಂದು ಮರಳಿದರು; ಬದಲಿಯಾಗಿ ಸಿದ್ಧರಿದ್ದ ಪ್ರಶಾಂತ್ ನಾಯರ್ ಮಲ್ಹೋತ್ರಾ ಅವರಂತೆಯೇ ಕೆಳಗುಳಿದರು. ಗಗನಯಾನದ ಮೊದಲ ಯಾತ್ರೆ ಕೆಲವೇ ದಿನಗಳದೆಂದು ಯೋಜನೆ. ಅಷ್ಟರಲ್ಲಿ ಮುನಿಸಿಗೆ ಬಿಡುವೇ ಸಿಗದು. 2035ರ ಹೊತ್ತಿಗೆ ಭಾರತ ತನ್ನದೇ ನಿಲ್ದಾಣವನ್ನು ಕಟ್ಟಬೇಕೆಂದಿದೆ. ಅಲ್ಲಿ ತಿಂಗಳುಗಟ್ಟಲೆ ಇರಬೇಕಾದವರನ್ನು ಜೋಡಿಸುವ ದಿನ ಬೆಂಗಳೂರಿನ ವೈದ್ಯರ ಮೇಜಿನ ಮೇಲೆ ಲೆಬೆದೆವ್ ಅವರ ದಿನಚರಿಯ ಒಂದು ಪ್ರತಿ ಇರಲೆಂಬುದು ನಮ್ಮ ಆಸೆ.