ಬೆಂಗಳೂರಿನಲ್ಲಿ ಹುಟ್ಟಿದ ಐದು ಫೈಟರ್‌ಗಳು

ಮೊನ್ನೆ ಎರಡನೇ ಶನಿವಾರ. ಬ್ಯಾಂಕಿಗೆ ರಜೆ. ವಾಕಡದ ನಮ್ಮ ಸೊಸೈಟಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ ಕೂತಿದ್ದೆವು. ಲೋಹಗಾಂವ್ ಕಡೆಯಿಂದ ಎದ್ದ ಸುಖೋಯ್ ಒಂದು ಗುಡುಗುತ್ತಾ ಹೋಯಿತು. ಪಕ್ಕದ ಬಿಲ್ಡಿಂಗಿನ ಮರಾಠಿ ಗೆಳೆಯ ಸುಮ್ಮನಿರುವವನಲ್ಲ. "ಅಹೋ ಸಾಹೇಬ್, ನಿಮ್ಮ ಬೆಂಗಳೂರಿಗೆ ವಿಮಾನ ಕಟ್ಟೋದು ಕಲಿಸಿದ್ದು ನಮ್ಮ ಸೋಲಾಪುರದ ವಾಲಚಂದ್, ಗೊತ್ತಲ್ಲ?" ಅಂದ.

"ಸೋಲಾಪುರ ನಿಮ್ಮದು ಯಾವಾಗಾಯ್ತು?" ಅಂತ ಕೇಳಿದೆ. ಅದು ಬೇರೆ ಜಗಳ, ಇರಲಿ.

ಅವನು ಹೇಳಿದ್ದು ಸುಳ್ಳೇನಲ್ಲ. ನಮ್ಮ ಜಿಲ್ಲೆಯಲ್ಲೇ ಇಂದಾಪುರ ತಾಲೂಕಿನ ವಾಲಚಂದನಗರ ಇದೆ. ಆ ಊರಿಗೆ ಹೆಸರು ಕೊಟ್ಟ ವಾಲಚಂದ್ ಹಿರಾಚಂದ್ 1939ರಲ್ಲಿ ಅಮೆರಿಕದಿಂದ ವಾಪಸ್ ಬರುವಾಗ ಪ್ರಯಾಣದಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕನ್ ಸಿಕ್ಕಿದ. ಈ ಪಾಲಿ ಸಾಮಾನ್ಯ ಮನುಷ್ಯನಲ್ಲ. ಕರ್ಟಿಸ್ ಕಂಪನಿಯ ಯುದ್ಧವಿಮಾನಗಳನ್ನು ಚೀನಾಕ್ಕೆ ಮಾರುತ್ತಿದ್ದ, ಅಲ್ಲೇ ಕಾರ್ಖಾನೆ ಇಟ್ಟಿದ್ದ. ಮುಂದೆ 'ಫ್ಲೈಯಿಂಗ್ ಟೈಗರ್ಸ್' ಅಂತ ಹೆಸರಾದ ಅಮೆರಿಕನ್ ಸ್ವಯಂಸೇವಕ ಪಡೆಗೆ ನೂರು ಪಿ-40 ಫೈಟರ್‌ಗಳನ್ನು ಹೊಂದಿಸಿಕೊಟ್ಟವನೂ ಇವನೇ. ಆ ಪಡೆ 1942ರ ಜುಲೈ 4ರಂದು ವಿಸರ್ಜನೆಯಾಗಿ, ಅದರ ಜಾಗಕ್ಕೆ ಅಮೆರಿಕನ್ ಸೇನೆಯ 23ನೇ ಫೈಟರ್ ಗ್ರೂಪ್ ಬಂತು. ಅಂಥ ಮನುಷ್ಯ ಬೆಂಗಳೂರಿಗೂ ಬಂದ.

ಗೆಳೆಯನ ಲೆಕ್ಕದಲ್ಲಿ ಒಂದು ಎಂಟ್ರಿ ಬಿಟ್ಟುಹೋಗಿತ್ತು. ಮೈಸೂರು ಸಂಸ್ಥಾನ. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲ ಅದು. ಸಂಸ್ಥಾನ 25 ಲಕ್ಷ ರೂಪಾಯಿ ಹಾಕಿತು, ಸುಮಾರು 700 ಎಕರೆ ಜಾಗ ಕೊಟ್ಟಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ದೊಮ್ಮಲೂರು ರಸ್ತೆಯ ಒಂದು ಬಂಗಲೆಯೇ ಅದರ ಮೊದಲ ಆಫೀಸು. ಮರುವರ್ಷ ಭಾರತ ಸರ್ಕಾರವೂ 25 ಲಕ್ಷ ಹಾಕಿ ಪಾಲುದಾರನಾಯಿತು. ಇವತ್ತು 25 ಲಕ್ಷಕ್ಕೆ ವಾಕಡದಲ್ಲಿ ಒಂದು ಫ್ಲ್ಯಾಟೂ ಬರುವುದಿಲ್ಲ!

ಸರ್ಕಾರ ಆರ್ಡರ್ ಕೊಟ್ಟಿದ್ದು 48 ಹಾಕ್ ಫೈಟರ್‌ಗಳಿಗೆ. ಇದು ಯುರೋಪಿನಲ್ಲಿ ಆಗಲೇ ರಕ್ತ ಕಂಡ ವಿಮಾನ. ಯುದ್ಧ ಶುರುವಾದ ಕೆಲವೇ ದಿನಗಳಲ್ಲಿ, 1939ರ ಸೆಪ್ಟೆಂಬರ್ 8ರಂದು, ಫ್ರೆಂಚ್ ಪೈಲಟ್‌ಗಳು ಇದೇ ಹಾಕ್‌ಗಳಲ್ಲಿ ಹಾರಿ ಎರಡು ಜರ್ಮನ್ ಮೆಸ್ಸರ್‌ಶ್ಮಿಟ್‌ಗಳನ್ನು ಕೆಡವಿದ್ದರು. ಫ್ರಾನ್ಸ್ ಬಿದ್ದ ಮೇಲೆ ಅದಕ್ಕೆ ಹೋಗಬೇಕಾಗಿದ್ದ ವಿಮಾನಗಳು ಬ್ರಿಟಿಷರ ಪಾಲಾದವು. ಅವರು 'ಮೊಹಾಕ್' ಅಂತ ಹೆಸರಿಟ್ಟು, ಯುರೋಪಿನಲ್ಲಿ ಹಳತಾಯಿತು ಅಂತ ಒಂದಷ್ಟನ್ನು ನಮ್ಮ ಕಡೆ ಕಳಿಸಿದರು. ಅಲ್ಲಿ ಹಳತಾದದ್ದು ಇಲ್ಲಿ ನಡೆಯುತ್ತದೆ ಅನ್ನುವ ಲೆಕ್ಕಾಚಾರ ಆಗಲೂ ಇತ್ತು ನೋಡಿ. ಹಾಗಂತ ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಬರ್ಮಾ ಗಡಿಯಲ್ಲಿ ಜಪಾನೀಯರ ಎದುರು ಮೊಹಾಕ್‌ಗಳು 1944ರ ಆರಂಭದವರೆಗೂ ಹೋರಾಡಿದವು.

ಬೆಂಗಳೂರಿನ ಮೊದಲ ಹಾಕ್ ಹಾರಿದ್ದು 1942ರ ಜುಲೈ 31ರಂದು. ಭಾಗಗಳು ಅಮೆರಿಕದಿಂದ ಬಂದವು, ಜೋಡಿಸಿದ ಕೈಗಳು ಇಲ್ಲಿನವು. ಅದಾದ ಮೇಲೆ ಇನ್ನು ನಾಲ್ಕು. ಅಷ್ಟಕ್ಕೇ ನಿಂತಿತು. 48ರಲ್ಲಿ ಐದು! ಸಾಲದ ಫೈಲಾಗಿದ್ದರೆ ನಾನು ಕೆಂಪು ಇಂಕಿನಲ್ಲಿ ಬರೆಯುತ್ತಿದ್ದೆ.

ಕಾರಣ ಜಪಾನ್. ಬರ್ಮಾ ಬಿದ್ದಾಗಿತ್ತು. ಹೊಸ ವಿಮಾನ ಕಟ್ಟುತ್ತಾ ಕೂರುವುದಕ್ಕಿಂತ ಇದ್ದ ವಿಮಾನಗಳನ್ನು ರಿಪೇರಿ ಮಾಡಿ ಮತ್ತೆ ಹಾರಿಸುವುದೇ ತುರ್ತಾಗಿತ್ತು. 1942ರ ಏಪ್ರಿಲ್‌ನಲ್ಲೇ ಸರ್ಕಾರ ವಾಲಚಂದರ ಮತ್ತು ಅವರ ಜೊತೆಗಾರರ ಷೇರುಗಳನ್ನು ಕೊಂಡುಬಿಟ್ಟಿತ್ತು. ಮೈಸೂರು ಮಾತ್ರ ತನ್ನ ಷೇರು ಮಾರಲು ಒಪ್ಪಲಿಲ್ಲ. ಆಡಳಿತ ಬಿಟ್ಟುಕೊಟ್ಟಿತು, ಪಾಲು ಬಿಡಲಿಲ್ಲ. ಈ ಒಂದು ಸಾಲು ಓದಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಯುದ್ಧದ ಗಲಾಟೆಯಲ್ಲೂ ಯಾರೋ ಒಬ್ಬರು ಕೂತು, ಇದು ನಮ್ಮ ನೆಲ, ನಮ್ಮ ದುಡ್ಡು, ಇದನ್ನು ಮಾರುವುದಿಲ್ಲ ಅಂದಿರಬೇಕಲ್ಲ!

1943ರಲ್ಲಿ ಕಾರ್ಖಾನೆ ಅಮೆರಿಕನ್ ವಾಯುಸೇನೆಯ ಕೈಗೆ ಹೋಗಿ '84ನೇ ಏರ್ ಡಿಪೋ' ಆಯಿತು. ಕ್ಯಾಟಲೀನಾದಿಂದ ಶುರುವಾಗಿ ಭಾರತ-ಬರ್ಮಾದಲ್ಲಿ ಹಾರುತ್ತಿದ್ದ ತರಹೇವಾರಿ ವಿಮಾನಗಳೆಲ್ಲ ರಿಪೇರಿಗೆ ಬಂದವು. ಎರಡು ವರ್ಷದ ನಂತರ ಅದು ವಾಪಸ್ ಸಿಕ್ಕಾಗ ಏಷ್ಯಾದ ಈ ಭಾಗದ ದೊಡ್ಡ ರಿಪೇರಿ ಕೇಂದ್ರಗಳಲ್ಲಿ ಒಂದಾಗಿತ್ತು. ಯುದ್ಧ ಮುಗಿದ ಮೇಲೆ ಕೆಲಸವಿಲ್ಲದೆ ರೈಲ್ವೆ ಬೋಗಿಗಳನ್ನೂ ಕಟ್ಟಿತು ಅನ್ನಿ.

ಆದರೆ ರಿಪೇರಿಯಲ್ಲಿ ಕಲಿತದ್ದು ನಷ್ಟವಾಗಲಿಲ್ಲ. ಕಾನ್ಪುರದಲ್ಲಿ ಅಮೆರಿಕನ್ ಲಿಬರೇಟರ್ ಬಾಂಬರ್‌ಗಳನ್ನು ಯುದ್ಧ ಮುಗಿದ ಮೇಲೆ ಯಾರೂ ಬಳಸದಂತೆ ಜಖಂ ಮಾಡಿ ಗುಜರಿಯಂತೆ ಬಿಟ್ಟುಹೋಗಿದ್ದರು. ಎಚ್‌ಎಎಲ್‌ನ ಪೈಲಟ್ ಜಮ್‌ಶೆಡ್ ಮುನ್ಶಿ ಅವುಗಳನ್ನು ಹೇಗೋ ಹಾರುವ ಸ್ಥಿತಿಗೆ ತಂದ ಮೇಲೆ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಗುಜರಿ ವಿಮಾನದಲ್ಲಿ ಕಾನ್ಪುರದಿಂದ ಬೆಂಗಳೂರು! ನನಗಂತೂ ಹಳೇ ಸ್ಕೂಟರಿನಲ್ಲಿ ಹಿಂಜವಡಿಗೆ ಹೋಗಲೂ ಧೈರ್ಯವಿಲ್ಲ. ಬೆಂಗಳೂರಿನಲ್ಲಿ ಹೀಗೆ ಜೀವ ಪಡೆದವು ಮೂವತ್ತಕ್ಕೂ ಹೆಚ್ಚು. 1968ರವರೆಗೆ ನಮ್ಮ ವಾಯುಸೇನೆಯಲ್ಲಿ ದುಡಿದವು.

ಅವುಗಳಲ್ಲಿ ಒಂದು ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಮ್ ಸೇರಿತು. ಇನ್ನೊಂದು ಅಮೆರಿಕಕ್ಕೆ ಹೋಗಿ, ಇಂಗ್ಲೆಂಡಿನಿಂದ ಹಾರಿ ಜರ್ಮನಿಯ ಮೇಲೆ ದಾಳಿ ಮಾಡುತ್ತಿದ್ದ 'ವಿಚ್‌ಕ್ರಾಫ್ಟ್' ಎಂಬ ಬಾಂಬರಿನ ಬಣ್ಣ ಬಳಿಸಿಕೊಂಡಿತು. ನೋಡಲು ಬರುವ ಜನಕ್ಕೆ ಅದು ಯುರೋಪಿನ ಯುದ್ಧದ ಹುಲಿ. ನಮಗೆ ಗೊತ್ತು, ಅದಕ್ಕೆ ಎರಡನೇ ಜನ್ಮ ಕೊಟ್ಟ ಊರು ಯಾವುದು ಅಂತ.

ಇದೆಲ್ಲವನ್ನೂ ಗೆಳೆಯನಿಗೆ ಒಪ್ಪಿಸಿದೆ. ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಆ ಲಿಬರೇಟರ್‌ಗಳು ಎಲ್ಲಿಂದ ಹಾರುತ್ತಿದ್ದವು?" ಅಂದ.

ಹೇಳದೆ ವಿಧಿಯಿರಲಿಲ್ಲ. ಅವುಗಳಲ್ಲಿ ಒಂದು ದಳ, 6ನೇ ಸ್ಕ್ವಾಡ್ರನ್, 1951ರಿಂದ ಇದ್ದದ್ದು ಪುಣೆಯಲ್ಲೇ, ನಮ್ಮ ಲೋಹಗಾಂವ್‌ನಲ್ಲಿ.

"ಹಾಂ!" ಅಂತ ತೊಡೆ ತಟ್ಟಿಕೊಂಡು ಇನ್ನೊಂದು ಚಹಾ ಹೇಳಿದ. ದುಡ್ಡು ನಾನು ಕೊಟ್ಟೆ.